ಪಿತೃಪಕ್ಷದವನ ಪತ್ರ

ಮಹಾಲಯ ಅಮಾವಾಸ್ಯೆ, ಭಾನುವಾರ
21 ಸೆಪ್ಟೆಂಬರ್ 2025

ಪ್ರೀತಿಯ ಗೆಳೆಯಾ,

ಒಳಗೆ ಎಡೆಗೆ ಕಜ್ಜಾಯ ಬೇಯುತ್ತಿದೆ. ಅಪ್ಪನ ಫೋಟೋ ಒರೆಸಿ, ಗಂಧವಿಟ್ಟು, ಹೂವು ಹಾಕಿದ್ದಾಯಿತು. ಅಡುಗೆ ಮುಗಿಯುವವರೆಗೆ ನನಗಿನ್ನು ಕೆಲಸವಿಲ್ಲವೆಂದು ಜಗುಲಿಯ ಮೇಲೆ ಕುಳಿತಿದ್ದೇನೆ. ನೀನು ನನ್ನನ್ನು ಮೊದಲ ಬಾರಿಗೆ 'ಪಿತೃಪಕ್ಷದವನು' ಎಂದು ಕರೆದದ್ದು ಪಿಯುಸಿಯ ವರ್ಷ, ಅಪ್ಪನ ಸ್ಕೂಟರಿಗೆ ಬಾವುಟ ಕಟ್ಟಿಕೊಂಡು ನಾನು ಪ್ರಚಾರಕ್ಕೆ ಹೊರಟಿದ್ದಾಗ. ಆಗ ನಿನ್ನನ್ನು ಹೊಡೆಯಲು ಅಟ್ಟಿಸಿಕೊಂಡು ಬಂದಿದ್ದೆ. ಇವತ್ತು ಆ ಹೆಸರನ್ನು ನಾನೇ ತಲೆಯ ಮೇಲೆ ಬರೆದುಕೊಂಡಿದ್ದೇನೆ. ಇದರಿಂದ ಬೆಲ್ಲದ ಅಚ್ಚಿನ ಲೆಕ್ಕ ಚುಕ್ತಾ ಆಯಿತೆಂದು ಮಾತ್ರ ಭಾವಿಸಬೇಡ.

ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನಮ್ಮ ಪಂಚಾಯಿತಿಯ ಲೆಕ್ಕ ಒಪ್ಪಿಸುವ ಸಭೆಯ, ಅಂದರೆ ಜಮಾಬಂದಿಯ, ಫೋಟೋಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿ ಶಹಬ್ಬಾಸ್ ಗಿಟ್ಟಿಸಿಕೊಂಡವನು, ಉಳಿದ ಮಾತನ್ನು ಮಾತ್ರ ಲಕೋಟೆಯೊಳಗಿಟ್ಟು ಕಳಿಸಿದರೆ ಮೊದಲು ನಗುವವನು ನೀನೇ. ಫೋನಿನಲ್ಲಿ ನೀನು ಕೇಳಿದಾಗ "ಬಹಳ ಚೆನ್ನಾಗಿ ಆಯಿತು" ಎಂದು ಹೇಳಿ ಮಾತು ಮುಗಿಸಿದ್ದೆ. ಚೆನ್ನಾಗಿ ಆದದ್ದೂ ನಿಜವೇ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು: ವರ್ಷಕ್ಕೊಮ್ಮೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ನಮ್ಮ ರಾಜ್ಯದ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಹಿಂದಿನ ವರ್ಷದ ಜಮೆ-ಖರ್ಚನ್ನು ಊರವರ ಮುಂದಿಡಬೇಕು, ನೋಡಲ್ ಅಧಿಕಾರಿಯೊಬ್ಬರು ಬಂದು, ನಗದು ಪುಸ್ತಕ, ಓಚರು, ಅಳತೆ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಸಿ, ಯಾರು ಬೇಕಾದರೂ ಕೇಳಬಹುದು ಎನ್ನುತ್ತಾರೆ. ಇಷ್ಟು ವರ್ಷ ನಮ್ಮಲ್ಲಿ ಇದು ನಡೆಯುತ್ತಿದ್ದ ಬಗೆ ನಿನಗೆ ಗೊತ್ತೇ ಇದೆ. ಹನ್ನೊಂದಕ್ಕೆ ಶುರು, ಹನ್ನೊಂದೂವರೆಗೆ ಉಪ್ಪಿಟ್ಟು, ಮಧ್ಯಾಹ್ನದ ಮೇಲೆ ಹಾಜರಿ ಪುಸ್ತಕ ತಾನೇ ಮನೆಮನೆಗೆ ನಡೆದು ಸಹಿ ಹಾಕಿಸಿಕೊಳ್ಳುತ್ತಿತ್ತು.

ಈ ಸಲ ಹಾಗಾಗಬಾರದೆಂದು ಕಟ್ಟೆಯ ಮೇಲೆ ಸೇರಿದವರು ಏಳು ಜನ. ಕೈಯವರು ಇಬ್ಬರು, ಕಮಲದವರು ಇಬ್ಬರು, ತೆನೆಯವರೊಬ್ಬರು, ಹಸಿರು ಶಾಲಿನ ಮಾವ, ಮತ್ತು ಸ್ತ್ರೀಶಕ್ತಿ ಸಂಘದ ಅಕ್ಕ. ಅಕ್ಕನ ಓಟು ಯಾರಿಗೆಂಬುದು ಅವರ ಗಂಡನಿಗೂ ಇದುವರೆಗೆ ತಿಳಿದಿಲ್ಲ. ನಾನು ಇವರಲ್ಲಿ ಯಾರ ಪೈಕಿ ಎಂಬುದು ನಿನಗೆ ಗೊತ್ತು, ಉಳಿದವರು ಊಹಿಸಿಕೊಳ್ಳಲಿ. ಕಾನೂನಿನ ಕಣ್ಣಿಗೆ ನಮ್ಮ ಪಂಚಾಯಿತಿಯಲ್ಲಿ ಪಕ್ಷಗಳೇ ಇಲ್ಲ, ಏಕೆಂದರೆ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯಿಲ್ಲ. ಗೆದ್ದವರೆಲ್ಲ ಆಟೋರಿಕ್ಷಾ, ಹೊಲಿಗೆ ಯಂತ್ರ, ಟ್ರ್ಯಾಕ್ಟರುಗಳು. ಮರುದಿನದ ಪತ್ರಿಕೆಯಲ್ಲಿ ಮಾತ್ರ ಅವರೆಲ್ಲ ಇಂತಿಂಥ ಪಕ್ಷದ 'ಬೆಂಬಲಿತರು' ಆಗಿಬಿಡುತ್ತಾರೆ. ಒಂದೇ ಬೀದಿಯಲ್ಲಿ ಎರಡು ಹಾಲಿನ ಡೇರಿ, ಎರಡು ಗಣಪತಿ, ಒಂದೇ ಸಾವಿಗೆ ಎರಡು ಶಾಮಿಯಾನ ಆಗುವುದಕ್ಕೆ ಆ 'ಬೆಂಬಲಿತ' ಎಂಬ ಪದವೊಂದೇ ಸಾಕು.

ಕಟ್ಟಳೆ ಮಾಡಿದವರು ಹಸಿರು ಶಾಲಿನ ಮಾವ. ಬೇರೆಯವರ ಪಕ್ಷದ ಸದಸ್ಯನನ್ನು ಪ್ರಶ್ನಿಸಿದರೆ ಅದು ಜಗಳವಾಗುತ್ತದೆ, ಜಗಳವಾದರೆ ಸಭೆ ಮುಗಿಯುತ್ತದೆ, ಸಭೆ ಮುಗಿಯಲಿ ಎಂದೇ ಕಾಯುವವರು ಅಲ್ಲಿರುತ್ತಾರೆ. ಆದ್ದರಿಂದ ಅವರವರ ಕಡೆಯ ಸದಸ್ಯನ ವಾರ್ಡಿನ ಕಾಮಗಾರಿಯನ್ನು ಅವರವರೇ ಅಳೆದು ನೋಡಬೇಕು, ಅವರವರೇ ಎದ್ದು ನಿಂತು ಕೇಳಬೇಕು. "ಅವರವರ ಮನೆಯ ಕಸ ಅವರವರೇ ಗುಡಿಸಿರಪ್ಪ" ಎಂದರು. ಎಲ್ಲರೂ ತಲೆಯಾಡಿಸಿದೆವು. ನನ್ನ ತಲೆ ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ ಆಡಿತೆಂದು ನೆನಪು.

ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ ಕಟ್ಟಿ, ಪುಟಕ್ಕೆ 2 ರೂಪಾಯಿಯಂತೆ ಅಳತೆ ಪುಸ್ತಕದ ನಕಲು ತೆಗೆಸಿಕೊಂಡೆವು. ಈ ಎರಡು ರೂಪಾಯಿಯ ಹಕ್ಕಿಗಾಗಿ ರಾಜಸ್ಥಾನದ ಬ್ಯಾವರ್ ಪಟ್ಟಣದಲ್ಲಿ 1996ರಲ್ಲಿ ಕೂಲಿಕಾರರು 40 ದಿನ ಧರಣಿ ಕುಳಿತಿದ್ದರೆಂದು, 'ಹಮಾರಾ ಪೈಸಾ, ಹಮಾರಾ ಹಿಸಾಬ್' ಎಂದು ಕೂಗಿದ್ದರೆಂದು ನೀನು ಕಟ್ಟೆಯ ಮೇಲೆ ಹೇಳಿದ್ದನ್ನು ಅಕ್ಕ ಚಾಚೂ ತಪ್ಪದೆ ನೆನಪಿಟ್ಟುಕೊಂಡಿದ್ದರು. ಪಂಚಾಯಿತಿಯ ಗುಮಾಸ್ತ ನಕಲು ಕೊಡಲು ಗೊಣಗಿದಾಗ ಅದೇ ಘೋಷಣೆಯನ್ನು ಕನ್ನಡಕ್ಕೆ ತಿರುಗಿಸಿ ಅವನ ಮುಖದ ಮೇಲೇ ಹೇಳಿದರು.

ಸಭೆಯ ದಿನ ಜನ ಬಂದರು. ಕೋರಂಗೆ ನೂರು ಜನ ಸಾಕು. ಲೆಕ್ಕ ಹಾಕುವುದನ್ನು ನಾವು ನೂರೈವತ್ತಕ್ಕೆ ಬಿಟ್ಟೆವು. ಸಭಾಂಗಣದ ಗೋಡೆಯ ಮೇಲಿನ ನಜೀರ್ ಸಾಬರ ಫೋಟೋಗೆ ಯಾರೋ ಹೊಸ ಹಾರ ಹಾಕಿದ್ದರು. ನಮ್ಮ ಏಳು ಜನರ ಕುಲದೇವರಾಗಲು ಅವರಿಗಿಂತ ಯೋಗ್ಯರು ಬೇರೆ ಸಿಗಲಾರರು. ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರದಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡವರು ತಂದ 1983ರ ಕಾಯ್ದೆ, ಅದರಡಿ 1987ರಲ್ಲಿ ನಡೆದ ಚುನಾವಣೆ. ಆ ಪ್ರಯೋಗ ಕಣ್ಣೆದುರಿಗೆ ಇದ್ದಾಗಲೇ ಕಾಂಗ್ರೆಸ್ಸಿನ ರಾಜೀವ್ ಗಾಂಧಿ ಪಂಚಾಯಿತಿಗಳನ್ನು ಸಂವಿಧಾನದೊಳಕ್ಕೆ ತರಲು ಹೊರಟು 1989ರಲ್ಲಿ ರಾಜ್ಯಸಭೆಯಲ್ಲಿ ಸೋತರು. ಕೊನೆಗೆ ನರಸಿಂಹ ರಾವ್ ಅವರ ಕಾಲದಲ್ಲಿ, 1992ರ ಡಿಸೆಂಬರಿನಲ್ಲಿ, 73ನೇ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಒಂದು ಪಕ್ಷ ನೆಟ್ಟದ್ದಕ್ಕೆ ಇನ್ನೊಂದು ಪಕ್ಷ ಬೇಲಿ ಕಟ್ಟಿದ ಅಪರೂಪದ ಸಂಗತಿಯದು.

ಅಪರೂಪ ಎಂದೆ. ಪಕ್ಷಭೇದ ಮರೆತು ಒಂದಾಗುವುದರಲ್ಲಿ ನಮ್ಮ ಪಕ್ಷಗಳು ಹಿಂದೆ ಬಿದ್ದವರಲ್ಲ ಎಂಬ ನಿನ್ನ ಹಳೆಯ ವಾದವನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅಹಮದಾಬಾದಿನ ಐಐಎಂನ ಕೆಲವು ಪ್ರಾಧ್ಯಾಪಕರು 1999ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಅಭ್ಯರ್ಥಿಗಳು ತಮ್ಮ ಆಸ್ತಿ, ವಿದ್ಯಾಭ್ಯಾಸ, ಕ್ರಿಮಿನಲ್ ಪ್ರಕರಣಗಳನ್ನು ಬಹಿರಂಗಪಡಿಸಬೇಕೆಂದು ಸುಪ್ರೀಂ ಕೋರ್ಟು 2002ರ ಮೇ 2ರಂದು ಹೇಳಿದಾಗ, ಬೇರೆ ಯಾವ ವಿಷಯಕ್ಕೂ ಒಂದೇ ಕೋಣೆಯಲ್ಲಿ ಕೂರದ ಪಕ್ಷಗಳು ಸರ್ವಪಕ್ಷ ಸಭೆಯಲ್ಲಿ ಒಂದೇ ಧ್ವನಿಯಲ್ಲಿ ಬೇಡವೆಂದವು. ಸುಗ್ರೀವಾಜ್ಞೆ ಹೊರಟಿತು, ರಾಷ್ಟ್ರಪತಿ ಕಲಾಂ ಅದನ್ನು ವಾಪಸು ಕಳಿಸಿದರು, ಸಂಪುಟ ಒಂದಕ್ಷರ ತಿದ್ದದೆ ಮತ್ತೆ ಕಳಿಸಿತು. 2003ರ ಮಾರ್ಚಿನಲ್ಲಿ ಕೋರ್ಟು ಆ ಅಡ್ಡಿಯನ್ನು ತೆಗೆದುಹಾಕಿದ್ದರಿಂದ ಇವತ್ತು ಪ್ರಮಾಣಪತ್ರ ಓದಲು ಸಿಗುತ್ತಿದೆ. ಈಚಿನದೂ ಬೇಕೆ? ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ವಿಧಾನಸೌಧದಲ್ಲಿ ಕುಳಿತವರು ಬದಲಾದರೇ ಹೊರತು ಚುನಾವಣೆ ನಡೆಯಲಿಲ್ಲ. ನಿನ್ನ ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರಿನಿಂದ ಕಾರ್ಪೊರೇಟರುಗಳೇ ಇಲ್ಲ. ಈ ತಿಂಗಳು ಒಂದು ಪಾಲಿಕೆ ಐದಾಯಿತಂತೆ. ಸದಸ್ಯರ ಸಂಖ್ಯೆ ಮಾತ್ರ ಐದರಿಂದ ಗುಣಿಸಿದರೂ ಸೊನ್ನೆಯೇ. ನಮ್ಮಂಥ ಊರುಗಳಲ್ಲೂ ಒಗ್ಗಟ್ಟಿಗೇನೂ ಕೊರತೆಯಿಲ್ಲ: 2020ರ ಡಿಸೆಂಬರಿನ ಚುನಾವಣೆಯಲ್ಲಿ ಕೆಲವು ಹಳ್ಳಿಗಳ ಹಿರಿಯರು ಒಂದಾಗಿ ಕುಳಿತು ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ನೀನೇ ನನಗೆ ಓದಿ ಹೇಳಿದ್ದು.

ಹಾಗಾಗಿ ನಮ್ಮ ಏಳು ಜನರ ಒಗ್ಗಟ್ಟು ಬೇರೆ ಜಾತಿಯದೆಂದು ನನಗೆ ಹೆಮ್ಮೆಯಿತ್ತು. ಆ ದಿನ ನಿಮ್ಮ ಬಣದ ಹುಡುಗ, ಅದೇ, ಕುರಿ ಸಾಕಿರುವವನು, ಎದ್ದು ನಿಂತು ಉದ್ಯೋಗ ಖಾತರಿಯ ಹಾಜರಿ ಪಟ್ಟಿಯನ್ನು ಓದಿದ. ಅದರಲ್ಲಿದ್ದ ನಾಲ್ಕು ಹೆಸರಿನವರು ಆ ತಿಂಗಳು ಊರಿನಲ್ಲೇ ಇರಲಿಲ್ಲವೆಂದು ಹೇಳಿದ. ಪಟ್ಟಿ ಬರೆಸಿದವರು ಅವನ ಸೋದರಮಾವ, ಎದುರಿಗೇ ಮೊದಲ ಸಾಲಿನಲ್ಲಿ ಕುಳಿತಿದ್ದರು. ಕಾಗದ ಹಿಡಿದ ಅವನ ಕೈ ನಡುಗುತ್ತಿದ್ದುದರಿಂದ ಎರಡನೆಯ ಹೆಸರನ್ನು ಎರಡು ಸಲ ಓದಿದ. ಸಭೆ ಗಪ್‌ಚಿಪ್. ನೀನು ಮೆಚ್ಚಿದ ಆ ಫೋಟೋ ಅದೇ ಕ್ಷಣದ್ದು. ತೆಗೆದವನು ನಾನು. ಅವನ ಮಾವ ಅಂದಿನಿಂದ ಅವರ ಮನೆಯ ಕಡೆ ಕಾಲಿಟ್ಟಿಲ್ಲ. ಈ ಅಮಾವಾಸ್ಯೆಯ ಎಡೆಗೂ ಬರುವುದಿಲ್ಲವೆಂದು ಹೇಳಿ ಕಳಿಸಿದ್ದಾರಂತೆ.

ಅವನ ನಂತರ ನನ್ನ ಸರದಿ. ನನ್ನ ಪಾಲಿಗೆ ಬಂದಿದ್ದ ಕಾಮಗಾರಿ ಕೆರೆಕೋಡಿಯ ಹತ್ತಿರದ ಮೋರಿ. ನಾನು ಏಳಲಿಲ್ಲ. ಫೋಟೋ ಸರಿಯಾಗಿ ಬಂದಿದೆಯೇ ಎಂದು ಮೊಬೈಲು ನೋಡುತ್ತಾ ನಿಂತಿದ್ದೆ.

ಇಲ್ಲಿಗೇ ನಿಲ್ಲಿಸುವುದೆಂದು ನಿನ್ನೆ ರಾತ್ರಿ ತೀರ್ಮಾನಿಸಿದ್ದೆ. 'ಧೈರ್ಯ ಸಾಲಲಿಲ್ಲ ಕಣೋ' ಎಂದು ಬರೆದು ಮುಗಿಸಿದರೆ ನಾಲ್ಕು ಜನ ಸಮಾಧಾನ ಹೇಳುತ್ತಿದ್ದರು. ಆದರೆ ಸುಮ್ಮನಿದ್ದೆ ಎಂಬುದೂ ಪೂರ್ತಿ ನಿಜವಲ್ಲ. ಸಭೆಗೆ ಮೂರು ದಿನ ಮುಂಚೆ, ನಿನ್ನ ನೂರಡಿ ಟೇಪು ಹಿಡಿದು, ಆ ಮೋರಿಯನ್ನು ನೋಡಲು ನಾನೊಬ್ಬನೇ ಹೋಗಿದ್ದೆ. ಅಳತೆ ಪುಸ್ತಕದಲ್ಲಿ ಮೂರು ಸಾಲು ಪೈಪು, ಎರಡೂ ಬದಿಗೆ ಕಲ್ಲಿನ ಗೋಡೆ. ನೆಲದ ಮೇಲೆ ಎರಡು ಸಾಲು ಪೈಪು, ಒಂದು ಬದಿಗೆ ಗೋಡೆ. ಇನ್ನೊಂದು ಬದಿಯಲ್ಲಿ ಮಣ್ಣು ಕುಸಿದು ತುಂಬೆ ಗಿಡ ಬೆಳೆದಿತ್ತು. ಎಣಿಸಲು ಟೇಪು ಬೇಕಿರಲಿಲ್ಲ. ಆದರೂ ಬಗ್ಗಿ ಒಳಗೆ ನೋಡಿದೆ, ಮೂರನೆಯ ಪೈಪು ಎಲ್ಲಿಯಾದರೂ ಹೂತುಹೋಗಿರಬಹುದೇನೋ ಎಂದು. ಒಂದು ಕಪ್ಪೆ ನನ್ನನ್ನೇ ನೋಡುತ್ತಿತ್ತು. ಅಂದು ಸಂಜೆ ಕಟ್ಟೆಗೆ ಬಂದು, ನಮ್ಮ ಏಳು ಜನರ ಪಟ್ಟಿಯಲ್ಲಿ ಆ ಕಾಮಗಾರಿಯ ಎದುರು 'ಸರಿಯಿದೆ' ಎಂದು ಬರೆದು ಸಹಿ ಹಾಕಿದವನು ನಾನು. ಹುಡುಗನ ಕೈ ನಡುಗುವುದಕ್ಕೆ ಮೂರು ದಿನ ಮೊದಲೇ, ಸ್ವಲ್ಪವೂ ನಡುಗದ ಕೈಯಿಂದ.

ಬಿಲ್ಲು ಯಾರ ಹೆಸರಿನಲ್ಲೇ ಆಗಿರಲಿ, ಆ ಕೆಲಸ ಮಾಡಿಸಿದವರು ಯಾರೆಂದು ನಿನಗೆ ಗೊತ್ತು. ಅಪ್ಪ ಆಸ್ಪತ್ರೆಯಲ್ಲಿದ್ದ ಆ ಇಪ್ಪತ್ತೆರಡು ದಿನ ಹಣದ ಚೀಲ ಹಿಡಿದು ಕಾರಿಡಾರಿನಲ್ಲಿ ಮಲಗಿದವರೂ ಅವರೇ. ನನ್ನ ಕಾಲೇಜಿನ ಕೊನೆಯ ವರ್ಷದ ಶುಲ್ಕ ಎಲ್ಲಿಂದ ಬಂತೆಂದು ನಾನು ಎಂದೂ ಕೇಳಿದವನಲ್ಲ, ಕೇಳಿದ್ದರೆ ಅವರು ಹೇಳುತ್ತಲೂ ಇರಲಿಲ್ಲ. ಇದನ್ನೆಲ್ಲ ಮೋರಿಯ ತೂಕಕ್ಕೆ ಪ್ರತಿಯಾಗಿ ತಕ್ಕಡಿಗೆ ಹಾಕುತ್ತಿಲ್ಲ. ಹಾಕುತ್ತಿದ್ದೇನೆಯೇನೋ. ನನ್ನನ್ನು ನಿದ್ದೆಗೆ ಬಿಡದಿರುವುದು ಬೇರೆಯೇ: ಆ ಎರಡು ಸಾಲು ಪೈಪು ನಿಮ್ಮ ಕಡೆಯವರದಾಗಿದ್ದರೆ ನಾನು ಅಲ್ಲೇ ನಿಂತು ವಿಡಿಯೋ ಮಾಡಿ, ರಾತ್ರಿ ಎಂಟರೊಳಗೆ ತಾಲ್ಲೂಕಿಗೆಲ್ಲ ಹಂಚಿರುತ್ತಿದ್ದೆ. ಪ್ರಜಾಪ್ರಭುತ್ವದ ಮೇಲೆ ನನಗಿದ್ದ ಇಷ್ಟೆಲ್ಲ ಪ್ರೀತಿ ಎದುರು ಬೀದಿಯವರ ಮೇಲಿನ ಹಟವೇ ಆಗಿತ್ತೇ ಎಂಬ ಸಂಶಯ ಒಮ್ಮೆ ಹೊಕ್ಕರೆ ಕಜ್ಜಾಯವೂ ರುಚಿಸುವುದಿಲ್ಲ.

ಹಸಿರು ಶಾಲಿನ ಮಾವನಿಗೆ ಗೊತ್ತಿದೆ. ಸಭೆ ಮುಗಿದ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ಪಕ್ಕಕ್ಕೆ ಬಂದು ನಿಂತು, "ಟೇಪು ಚೆನ್ನಾಗಿದೆಯಪ್ಪ, ಯಾವ ಕಂಪನಿಯದು?" ಎಂದರು. ನಾನು ಕಂಪನಿಯ ಹೆಸರು ಹೇಳಿದೆ. ಹೇಳಿದೆನಲ್ಲ!

ಸಾಕು. ಬರೆಯಲು ಕುಳಿತದ್ದು ನಿನಗೆ ಸಭೆಯ ವರದಿ, ಬರೆದದ್ದು ಪೊಲೀಸರಿಗೆ ಕೊಡುವಂಥದ್ದು. ನಾಳೆ ಬೆಳಗ್ಗೆ ಈ ಭಾಗ ಮಾಯವಾಗಿದ್ದರೆ ಆಶ್ಚರ್ಯಪಡಬೇಡ. ಚಿಕ್ಕಪ್ಪ ಇದನ್ನೆಲ್ಲ ಓದುವುದಿಲ್ಲವಾದರೂ ಅವರ ಮಗಳು ಓದುತ್ತಾಳೆ, ಓದಿ ಗಟ್ಟಿಯಾಗಿ ಹೇಳುತ್ತಾಳೆ. ಉಳಿದಿದ್ದರೆ, ನನಗೆ ರಾತ್ರಿ ಒಳ್ಳೆಯ ನಿದ್ದೆ ಬಂತೆಂದೋ ಇಂಟರ್ನೆಟ್ ಕೈಕೊಟ್ಟಿತೆಂದೋ ತಿಳಿದುಕೋ. ನನ್ನ ಗುಣ ಬಲ್ಲ ನೀನು ಎರಡನೆಯದನ್ನೇ ನಂಬುತ್ತೀಯೆ.

ಈ ಸಲ ವಿಜಯದಶಮಿ, ಗಾಂಧಿ ಜಯಂತಿ ಎರಡೂ ಒಂದೇ ದಿನ ಬಂದಿವೆ. ಆಯುಧಪೂಜೆಗೆ ನೀನು ಊರಿಗೆ ಬರುವುದು ಖಚಿತ ತಾನೆ? ನಿನ್ನ ಟೇಪನ್ನೂ ಪೂಜೆಗಿಡೋಣ, ಮೂರನೇ ಬೆಂಚಿನ ಮರ್ಯಾದೆ ಉಳಿಯಲಿ. ನಮ್ಮ ಏಳು ಜನರ ಪಟ್ಟಿ ಇನ್ನೂ ನನ್ನ ಬಳಿಯೇ ಇದೆ, ಪೆನ್ಸಿಲ್ಲಿನಲ್ಲಿ ಬರೆದದ್ದು. ಪೆನ್ನಿನಲ್ಲಿ ಬರೆಯಿರಿ ಎಂದು ಅಕ್ಕ ಹೇಳಿದ್ದರು.

ಒಳಗಿನಿಂದ ಕೂಗು ಬಂತು, ಎಡೆ ಸಿದ್ಧವಾಗಿದೆ. ಚಿಕ್ಕಪ್ಪನೂ ಬಂದರು. ಚಪ್ಪಲಿಯನ್ನು ಕಾಂಪೌಂಡಿನ ಆಚೆಗೇ ಬಿಟ್ಟು ನಲ್ಲಿಯಲ್ಲಿ ಮೊಣಕಾಲಿನವರೆಗೆ ಕೆಸರು ತೊಳೆದುಕೊಳ್ಳುತ್ತಿದ್ದಾರೆ. ನಿನಗೆ ಪತ್ರ ಬರೆಯುತ್ತಿದ್ದೇನೆಂದು ಹೇಳಿದ್ದಕ್ಕೆ, ಹಬ್ಬಕ್ಕೆ ಬರುವಾಗ ಕೆರೆಕೋಡಿಯ ದಾರಿ ಬೇಡ, ಸುತ್ತಿ ಬರಲು ಹೇಳು ಎಂದರು. ರಾತ್ರಿಯ ಮಳೆಗೆ ಮೋರಿಯ ಹತ್ತಿರ ನೀರು ಕಟ್ಟಿಕೊಂಡು ರಸ್ತೆಯ ಮೇಲೇ ಹರಿಯುತ್ತಿದೆಯಂತೆ.

ಇಂತಿ ನಿನ್ನ,
ಪಿತೃಪಕ್ಷದವನು