ಟಿಐ-89ರಲ್ಲಿ ಘನಮೂಲ ಎಲ್ಲಿ ಹೋಯ್ತು?

ಗೆಳೆಯರೇ, ಟಿಐ-89 ಕ್ಯಾಲ್ಕುಲೇಟರ್ ಉತ್ತರದಲ್ಲಿ √ ಚಿಹ್ನೆ ತೋರಿಸುವುದು ವರ್ಗಮೂಲಕ್ಕೆ ಮಾತ್ರ. ಘನಮೂಲ ಬಂದರೆ ಭಿನ್ನದ ಘಾತವಾಗುತ್ತದೆ. 16ರ ಘನಮೂಲ ಕೇಳಿ ನೋಡಿ, 2·2^(1/3) ಅಂತ ಬರುತ್ತದೆ. ತಪ್ಪೇನಿಲ್ಲ, ಬರೆಯುವ ರೀತಿ ಬೇರೆ ಅಷ್ಟೇ. ಪುಸ್ತಕದ ಉತ್ತರದ ಜೊತೆ ಹೋಲಿಸಿ ಸುಮ್ನೆ ಗಾಬರಿಯಾಗಬೇಡಿ. 1/√2 ಕೊಟ್ಟರೆ √2/2 ಮಾಡಿಕೊಡುತ್ತದೆ. ಛೇದದಲ್ಲಿ ಮೂಲ ಕಂಡರೆ ಸಿಟ್ಟಾಗುವ ನಮ್ಮ ಗಣಿತ ಮೇಷ್ಟ್ರ ಹಾಗೇ, ಅಲ್ವಾ?

ನಿಜವಾದ ತಲೆನೋವು (-8)^(1/3). ಮೋಡ್ ಸೆಟ್ಟಿಂಗ್‌ನಲ್ಲಿ 'ಕಾಂಪ್ಲೆಕ್ಸ್ ಫಾರ್ಮ್ಯಾಟ್' ಎಂಬುದು 'ರಿಯಲ್' ಇದ್ದರೆ -2 ಬರುತ್ತದೆ. 'ರೆಕ್ಟ್ಯಾಂಗ್ಯುಲರ್' ಇದ್ದರೆ ಕಾಂಪ್ಲೆಕ್ಸ್ ಸಂಖ್ಯೆ (√-1 ಸೇರಿದ ಸಂಖ್ಯೆ), ಅದರ ರಿಯಲ್ ಭಾಗ, ಅಂದರೆ √-1 ಇಲ್ಲದ ಭಾಗ, 1! ಎರಡೂ -8ರ ಘನಮೂಲಗಳೇ. ಹಾಗಾಗಿ ಉತ್ತರದ ಫೋಟೋ ಹಾಕುವಾಗ ಮೋಡ್ ಯಾವುದೆಂದೂ ಬರೆಯಿರಿ. ಮೂಲದ ಬದಲು ದಶಮಾಂಶ ಬಂದರೆ ಮೋಡ್ 'ಎಕ್ಸಾಕ್ಟ್' (ನಿಖರ ಉತ್ತರ) ಮಾಡಿ.