ಚೀಟಿ ಕೊಟ್ಟಲ್ಲಿಗೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ನಮ್ಮ ಮನೆಯ ಹತ್ತಿರದ ಅಂಗನವಾಡಿಗೆ (ಇಲ್ಲಿಯ ಹಿರಿಯರ ಬಾಯಲ್ಲಿ ಅದು ಈಗಲೂ ಬಾಲವಾಡಿಯೇ) ಕಳೆದ ವರ್ಷ ಕೊಪ್ಪಳ ಕಡೆಯ ಕುಟುಂಬವೊಂದರ ನಾಲ್ಕು ವರ್ಷದ ಹುಡುಗ ಸೇರಿದ. ಕರೆದರೆ ತಿರುಗದ, ಯಾರೊಂದಿಗೂ ಬೆರೆಯದ ಆ ಮಗುವನ್ನು ಕೆಲವರು ಮೊಂಡ ಎಂದರು. ಸುತ್ತ ಕೇಳುವ ತುಳು ಅರ್ಥವಾಗದೆ ಸುಮ್ಮನಿರಬೇಕು ಎಂದವರೂ ಇದ್ದರು. ಒಂದು ದಿನ ಊಟ ಬಡಿಸುವಾಗ ಸಹಾಯಕಿಯ ಕೈಯಿಂದ ಪಾತ್ರೆಯ ಮುಚ್ಚಳ ಜಾರಿ ಅವನ ಬೆನ್ನ ಹಿಂದೆಯೇ ಬಿತ್ತು. ಉಳಿದ ಮಕ್ಕಳೆಲ್ಲ ಬೆಚ್ಚಿ ತಿರುಗಿದರೂ ಅವನು ಮಾತ್ರ ಅನ್ನ ಕಲಸುತ್ತಲೇ ಇದ್ದ. ಟೀಚರಿಗೆ ವಿಷಯ ಹೊಳೆದದ್ದು ಆಗ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ನೋಡಿ, ಆಸ್ಪತ್ರೆಗೆ ಹೋಗುವಂತೆ ಚೀಟಿ ಬರೆದುಕೊಟ್ಟಿತು. ತಾಯಿ ಮಲ್ಪೆ ಬಂದರಿನಲ್ಲಿ ಮೀನು ಬೇರ್ಪಡಿಸುವ ಕೆಲಸದವರು. ಎರಡು ಬಾರಿ ಹೋಗಿಬಂದು ನಿಲ್ಲಿಸಿದರು. ಅವರನ್ನು ದೂರುವ ಮೊದಲು ಲೆಕ್ಕ ನೋಡಬೇಕು: ಶ್ರವಣ ಸಾಧನ ಕೊಟ್ಟ ಮಾತ್ರಕ್ಕೆ ಮಗು ಮಾತು ಕಲಿಯುವುದಿಲ್ಲ, ತಿಂಗಳುಗಟ್ಟಲೆ ವಾಕ್ ಚಿಕಿತ್ಸೆ ಬೇಕು, ಹೋದ ದಿನವೆಲ್ಲ ಕೂಲಿ ಇಲ್ಲ. ಶಕ್ತಿ ಯೋಜನೆಯ ಉಚಿತ ಪ್ರಯಾಣ 2023ರಿಂದ ಇದೆಯಾದರೂ ಅದು ಸರಕಾರಿ ಬಸ್ಸಿಗೆ ಸೀಮಿತ. ನಮ್ಮ ಕರಾವಳಿಯಲ್ಲಿ ಓಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು.

ಕಾನೂನು ಕೂಡ ಈ ವಯಸ್ಸಿನ ಮಕ್ಕಳ ಕೈ ಹಿಡಿಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಉಚಿತ ಶಿಕ್ಷಣವೂ 6ರಿಂದ 18ರವರೆಗೆ. ಆರರ ಒಳಗಿನವರ ವಿಷಯದಲ್ಲಿ ಸರಕಾರ 'ಪ್ರಯತ್ನಿಸತಕ್ಕದ್ದು' ಎಂದಷ್ಟೇ ಸಂವಿಧಾನದ 45ನೇ ವಿಧಿ ಹೇಳುತ್ತದೆ. ಆದರೆ ಕೇಳಿ ಮಾತು ಕಲಿಯುವ ಶಕ್ತಿ ಮಿದುಳಿಗೆ ಹೆಚ್ಚಾಗಿರುವುದು ಮೊದಲ ಮೂರು-ನಾಲ್ಕು ವರ್ಷಗಳಲ್ಲೇ. ಒಂದನೇ ತರಗತಿಗೆ ಪಾಠ ಮಾಡಿದ ನನಗೆ, ಆ ಕಾಲ ದಾಟಿದ ಮೇಲೆ ಬೆಂಚಿನಲ್ಲಿ ಬಂದು ಕುಳಿತ ಇಂಥ ಮಕ್ಕಳ ಮುಖಗಳು ನೆನಪಿವೆ. ಅವರಿಗೆ ಹೇಗೆ ಕಲಿಸಬೇಕೆಂದು ನಮಗೂ ಯಾರೂ ಕಲಿಸಿರಲಿಲ್ಲ.

ಅಂಗವಿಕಲ ಮಕ್ಕಳಿಗಾಗಿ ಅಂಗನವಾಡಿಗಳು ಅನುಸರಿಸಬೇಕಾದ ಕ್ರಮಗಳನ್ನು ಕೇಂದ್ರ ಸರಕಾರ 2023ರಲ್ಲಿ ಪ್ರಕಟಿಸಿದೆ. ಆದರೆ ಅಡುಗೆ, ತೂಕ, ಸಮೀಕ್ಷೆ, ಮೊಬೈಲಿನಲ್ಲಿ ದಾಖಲಾತಿ ಎಲ್ಲವನ್ನೂ ನೋಡಿಕೊಳ್ಳುವ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿಯಿಂದ ಇನ್ನೆಷ್ಟು ನಿರೀಕ್ಷಿಸೋಣ?

ಚಿಕಿತ್ಸಕರೇ ವಾರಕ್ಕೊಂದು ನಿಗದಿತ ದಿನ ನಾಲ್ಕೈದು ಅಂಗನವಾಡಿಗಳಿಗೆ ಅನುಕೂಲವಾಗುವ ಒಂದು ಕಡೆಗೆ ಬರುವಂತಾಗಬೇಕು. ಚೀಟಿ ಪಡೆದ ಮಗು ಆಸ್ಪತ್ರೆಗೆ ಹೋಯಿತೇ, ಹೋಗದಿದ್ದರೆ ಏಕೆ ಎಂಬುದನ್ನು ವಿಚಾರಿಸುವ ಹೊಣೆ ಒಬ್ಬ ಅಧಿಕಾರಿಯ ಮೇಲಿರಬೇಕು. ಈಗ ಅದು ಆರೋಗ್ಯ ಇಲಾಖೆ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳ ನಡುವೆ ಎಲ್ಲೋ ಕಳೆದುಹೋಗುತ್ತಿದೆ. ಜಿಲ್ಲಾ ಪಂಚಾಯತ್ ತನ್ನ ಮುಂದಿನ ಸಭೆಯಲ್ಲಿ ಎರಡೂ ಇಲಾಖೆಗಳನ್ನು ಒಟ್ಟಿಗೆ ಕೂರಿಸಿ ಇದನ್ನು ತೀರ್ಮಾನಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ನಿವೃತ್ತ ಶಿಕ್ಷಕಿ, ಮಲ್ಪೆ