ಹಾಸಿನ ಬಿಗಿಯನ್ನು ತಾಳಲಾರದ ಮನೆಮಗ್ಗದ ಕುರಿತು ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು.

ವಿಷಯ: ದೋಷಯುಕ್ತ ಮಗ್ಗದ ಚೌಕಟ್ಟು ಹಾಗೂ ಹಣಿಗೆಯನ್ನು (ನೂಲಿನ ಎಳೆಗಳು ಹಾಯುವ ಸೀಳುಗಳಿರುವ ಪಟ್ಟಿ) ಬದಲಿಸಿಕೊಡುವ ಬಗ್ಗೆ.

ಮಾನ್ಯರೇ,

ಮನೆಯಲ್ಲೇ ಜೋಡಿಸಿಕೊಂಡು ನೇಯಬಹುದಾದ ಮೇಜಿನ ಮಗ್ಗವೆಂದು ತಾವು ಮಾರುವ ಕಿಟ್ಟನ್ನು ತಮ್ಮ ಜಾಲತಾಣದಿಂದ ಪುಣೆಗೆ ತರಿಸಿಕೊಂಡಿದ್ದೆ. ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ನೂಲು, ಹೂಡಿದ ಕೂಡಲೇ ಅದರ ಚೌಕಟ್ಟು ಸೊಟ್ಟಗಾಯಿತು. ತಮ್ಮ ಸಿಬ್ಬಂದಿಗೆ ಬರೆದಾಗ, ನೂಲನ್ನು ಅತಿಯಾಗಿ ಬಿಗಿದದ್ದರಿಂದ ಹೀಗಾಗಿದೆ, ಬದಲಿ ಕೊಡಲು ಬರುವುದಿಲ್ಲ ಎಂಬ ಉತ್ತರ ಬಂತು. ಆ ಉತ್ತರವನ್ನು ನಾನು ಒಪ್ಪುವುದಿಲ್ಲ.

ಹಾಸಿನ ಎಳೆಗಳನ್ನು ಬಿಗಿಯಾಗಿ ಹಿಡಿದಿಡುವುದೇ ಮಗ್ಗದ ಮೊದಲ ಕೆಲಸ. ಬಿಗಿ ಸಡಿಲಿದರೆ ಎಳೆಗಳ ನಡುವೆ ಲಾಳಿ ಹಾಯಲು ದಾರಿ ಸರಿಯಾಗಿ ಬಿಡುವುದಿಲ್ಲ, ಲಾಳಿ ಅಡ್ಡಕ್ಕೆ ಹಾಯಿಸುವ ನೂಲಾದ ಹೊಕ್ಕು ಒತ್ತಾಗಿ ಕೂರುವುದೂ ಇಲ್ಲ. ತಮ್ಮ ಹಣಿಗೆಯಲ್ಲಿ ಇಂಚಿಗೆ 10 ಎಳೆ, ನೇಯ್ಗೆಯ ಅಗಲ 15 ಇಂಚು. ಒಟ್ಟು 150 ಎಳೆ. ಎಳೆಯೊಂದಕ್ಕೆ ಬರೀ 50 ಗ್ರಾಂ ಸೆಳೆತವೆಂದು ಹಿಡಿದರೂ ಹಾಸನ್ನು ಹಿಡಿದಿರುವ ಹಿಂದಿನ ಮತ್ತು ಮುಂದಿನ ದಿಂಡುಗಳನ್ನು ಏಳೂವರೆ ಕಿಲೋದಷ್ಟು ಬಲ ಒಂದರತ್ತ ಇನ್ನೊಂದನ್ನು ಎಳೆಯುತ್ತಿರುತ್ತದೆ. ಇಷ್ಟನ್ನೂ ತಾಳದ ಚೌಕಟ್ಟನ್ನು ಮಗ್ಗವೆಂದು ಮಾರುವುದು ನ್ಯಾಯವಲ್ಲ.

ದೋಷ ಮೊದಲಿನಿಂದಲೇ ಇತ್ತೆಂಬುದಕ್ಕೆ ನನ್ನಲ್ಲಿ ಆಧಾರವಿದೆ. ನೂಲು ಹೂಡುವ ಮುನ್ನ, ಚೌಕಟ್ಟನ್ನು ತಮ್ಮ ಕೈಪಿಡಿಯಂತೆಯೇ ಜೋಡಿಸಿ, ಮೂಲೆಯಿಂದ ಎದುರು ಮೂಲೆಗೆ ಅಳೆದು ಚಿತ್ರ ತೆಗೆದಿಟ್ಟಿದ್ದೆ. ಸಮನಾಗಿರಬೇಕಾದ ಆ ಎರಡು ಅಳತೆಗಳ ನಡುವೆ 9 ಮಿಲಿಮೀಟರ್ ವ್ಯತ್ಯಾಸವಿದೆ. ಮರವೂ ಚೆನ್ನಾಗಿ ಒಣಗಿದ್ದಲ್ಲ ಎಂದು ಅದನ್ನು ನೋಡಿದ ಇಲ್ಲಿನ ಬಡಗಿ ಹೇಳಿದರು. ಹಸಿ ಮರ ಒಣಗುತ್ತಾ ಹೋದಂತೆ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಕುಗ್ಗುವುದರಿಂದ ಜೋಡಣೆಗಳು ಸಡಿಲಾಗುತ್ತವೆ, ಹಲಗೆ ತಿರುಚಿಕೊಳ್ಳುತ್ತದೆ. ಹಣಿಗೆಯ ಸೀಳುಗಳ ಅಂಚನ್ನು ಉಜ್ಜಿ ನುಣುಪು ಮಾಡಿಲ್ಲವಾದ್ದರಿಂದ ಹತ್ತಿಯ ಎಳೆ ಅಲ್ಲಿ ಸವೆದು ತುಂಡಾಗುತ್ತಿದೆ.

ನಾನು ಗುಳೇದಗುಡ್ಡದ ಕಡೆಯವಳು. ನಮ್ಮೂರಿನ ಖಣವನ್ನು (ರವಿಕೆಯ ಬಟ್ಟೆ) ಇಲ್ಲಿಯವರೂ ಪ್ರೀತಿಯಿಂದ ಕೊಂಡು ತೊಡುತ್ತಾರೆ, ಆದರೆ ಪುಣೆಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಹಾಸುಹೊಕ್ಕು ಕೂಡುವುದನ್ನು ಕಣ್ಣಾರೆ ಕಂಡಿಲ್ಲ. ಕೈಪಿಡಿ ಕನ್ನಡದಲ್ಲಿದೆ ಎಂಬ ಕಾರಣಕ್ಕೇ, ನೆರೆಹೊರೆಯ ಕನ್ನಡದ ಮಕ್ಕಳಿಗೆ ಕಲಿಸಲೆಂದು, ತಮ್ಮ ಕಿಟ್ಟನ್ನು ಆರಿಸಿದ್ದೆ. ಎಳೆ ಪದೇ ಪದೇ ತುಂಡಾದರೆ ಮಕ್ಕಳು ತಮ್ಮ ಕೈಯನ್ನೇ ಬೈದುಕೊಂಡು ಎದ್ದುಹೋಗುತ್ತಾರೆ. ನನಗೆ ಹಣಕ್ಕಿಂತ ಆ ನಷ್ಟವೇ ದೊಡ್ಡದು.

ಆದ್ದರಿಂದ ಒಣಗಿದ ಮರದ, ಮೂಲೆ ಸರಿಯಿರುವ ಚೌಕಟ್ಟನ್ನೂ ನುಣುಪಾದ ಹಣಿಗೆಯನ್ನೂ ತಮ್ಮದೇ ಖರ್ಚಿನಲ್ಲಿ ಕಳಿಸಿಕೊಡಬೇಕು. ಅದಾಗದಿದ್ದರೆ ಪೂರ್ತಿ ಹಣ ಹಿಂದಿರುಗಿಸಿ ಕಿಟ್ಟನ್ನು ಒಯ್ಯಬೇಕು. ಮೂಲೆಯಿಂದ ಮೂಲೆಗೆ ಅಳೆದು ನೋಡುವ ಕ್ರಮವನ್ನು ಕೈಪಿಡಿಯಲ್ಲಿ ಸೇರಿಸಬೇಕೆಂದೂ ಕೋರುತ್ತೇನೆ. ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಾಗಾಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ (ದೂರವಾಣಿ ಸಂಖ್ಯೆ 1915) ಪುಣೆಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸುತ್ತೇನೆ. ರಸೀದಿ ಮತ್ತು ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ,
ತಮ್ಮ ಗ್ರಾಹಕಿ,
ಕೊಥ್ರೂಡ್, ಪುಣೆ